ಮರ್ಯಾದೆಗೆ ಬಲಿಯಾದ ಟರ್ಬೋ

ಕೆಟ್ಟು ನಿಂತ ಕಾರನ್ನು ಕಂಡರೆ ಅದರ ಒಡೆಯನಿಗಿಂತ ಮೊದಲು ಮುಖ ಬಾಡಿಸಿಕೊಳ್ಳುವ ಮನುಷ್ಯ ಇಡೀ ಮೈಸೂರು ಜಿಲ್ಲೆಯಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಭಾವ! ಇದರಲ್ಲೇನು ವಿಶೇಷ, ಕರುಣೆಯುಳ್ಳವರು ಇರುತ್ತಾರಪ್ಪ ಎನ್ನಬೇಡಿ. ಕೆಟ್ಟ ಕಾರುಗಳನ್ನು ಹೊತ್ತೊಯ್ಯುವುದೇ ಅವರ ಕಸುಬು. ಜ್ವರ ಬಂದವರನ್ನು ಕಂಡು ವೈದ್ಯರು ಅಳುತ್ತಾ ಕೂರುತ್ತಾರೆಯೇ? ಹರಿದ ಚಪ್ಪಲಿ ಕಂಡು ಚಪ್ಪಲಿ ಹೊಲಿಯುವವನು ನಿಟ್ಟುಸಿರು ಬಿಡುತ್ತಾನೆಯೇ? ನಮ್ಮ ಭಾವ ಬಿಡುತ್ತಾರೆ.

ನಾನು ಮೈಸೂರಿನ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಅರ್ಧ ಆಯಸ್ಸು ಕಳೆದವನು. ಎಷ್ಟೋ ಅಪಘಾತಗಳ ವರದಿ ಬರೆದಿದ್ದೇನೆ, ಅದಕ್ಕಿಂತ ಹೆಚ್ಚು ತಿದ್ದಿದ್ದೇನೆ. ಅತಿವೇಗ, ಅಜಾಗರೂಕತೆ, ರಸ್ತೆಗುಂಡಿ, ಅಡ್ಡ ಬಂದ ಎಮ್ಮೆ, ಹೀಗೆ ವಾಹನಗಳು ಹಾಳಾಗುವ ಕಾರಣಗಳೆಲ್ಲ ನನಗೆ ಬಾಯಿಪಾಠ. ಆದರೆ ಒಳ್ಳೆಯ ನಡವಳಿಕೆಯಿಂದ ಒಂದು ಎಂಜಿನ್ ಹಾಳಾಯಿತೆಂಬ ಸುದ್ದಿ ನನ್ನ ಮೇಜಿಗೆ ಬಂದಿದ್ದರೆ ಖಂಡಿತ ಹರಿದು ಬುಟ್ಟಿಗೆ ಹಾಕುತ್ತಿದ್ದೆ. ಕಣ್ಣಾರೆ ಕಂಡದ್ದರಿಂದ ಬರೆಯುತ್ತಿದ್ದೇನೆ. ಉತ್ಸಾಹದಿಂದಲ್ಲ. ನನ್ನ ವಾರದ ರಜೆಗಳೆಲ್ಲ ಆ ಎಂಜಿನ್ನಿಗೆ ಸಂದಾಯವಾದ ಮೇಲೆ ಉಳಿದ ಸುಸ್ತಿನಿಂದ.

ಭಾವನ ಮನೆ ನಂಜನಗೂಡಿನಲ್ಲಿ. ಅವರ ಬಳಿ ಒಂದು ಡೀಸೆಲ್ ಲಾರಿ ಇದೆ. ಹಿಂದೆ ಇಳಿಜಾರಾಗಿ ಬಾಗುವ ಕಬ್ಬಿಣದ ಹಾಸು, ಕೆಟ್ಟ ಕಾರನ್ನು ಅದರ ಮೇಲಕ್ಕೆ ಎಳೆದುಕೊಳ್ಳಲು ಉಕ್ಕಿನ ಹಗ್ಗ. ಟೋಯಿಂಗ್ ಗಾಡಿ ಎಂದು ಎಲ್ಲರೂ ಕರೆಯುತ್ತಾರೆ. ಭಾವ ಮಾತ್ರ ಹೆಸರಿಟ್ಟು ಕರೆಯದೆ, ಹಿರಿಯರನ್ನು ಕರೆದಂತೆ 'ನಮ್ಮೋರು' ಎನ್ನುತ್ತಾರೆ. 'ನಮ್ಮೋರಿಗೆ ಇವತ್ತು ಯಾಕೋ ಮನಸ್ಸಿಲ್ಲ' ಎಂದರೆ ಬ್ಯಾಟರಿ ಇಳಿದಿದೆ ಎಂದು ಅರ್ಥ. ಹೊಸದಾಗಿ ಮನೆಗೆ ಬಂದವರು ಯಾರೋ ಮುದುಕರು ಒಳಕೋಣೆಯಲ್ಲಿ ಮಲಗಿದ್ದಾರೆಂದು ದನಿ ತಗ್ಗಿಸಿ ಮಾತನಾಡಿದ್ದುಂಟು!

ಅವರ ಕೆಲಸದ ಕ್ರಮವನ್ನು ಒಮ್ಮೆಯಾದರೂ ನೋಡಬೇಕು. ತಾಂಡವಪುರದ ಹತ್ತಿರ ಒಂದು ಕಾರು ನಿಂತಿದೆ ಎಂದು ಫೋನ್ ಬಂದಿತೆನ್ನಿ. ಭಾವ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಾರೆ. ಮಾರ್ಗವಿಡೀ ಗಾಡಿಯನ್ನು ದಬಾಯಿಸಿ ಓಡಿಸುತ್ತಾರೆ. ಕೆಟ್ಟ ಕಾರು ದೂರದಲ್ಲಿ ಕಂಡಿತೋ, ಕೂಡಲೇ ಕೀಲಿ ತಿರುಗಿಸಿ ಎಂಜಿನ್ ಆರಿಸುತ್ತಾರೆ! ಉಳಿದ ದೂರವನ್ನು ಲಾರಿ ಸದ್ದಿಲ್ಲದೆ ಉರುಳುತ್ತಾ ಹೋಗಿ ಕಾರಿನ ಹತ್ತಿರ ನಿಲ್ಲುತ್ತದೆ. ಭಾವ ಇಳಿದು, ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು, ಕಾರಿನ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಾರೆ. ಆಮೇಲೆ ವಿಚಾರಣೆ.

"ಎಷ್ಟು ವರ್ಷ ಆಗಿತ್ತು?"

"ಯಾರಿಗೆ ಸಾರ್?"

"ಗಾಡಿಗೆ."

"ಆರು ವರ್ಷ."

"ಛೆ ಛೆ. ಹೋಗೋ ವಯಸ್ಸಲ್ಲ."

"ಸಾರ್, ಡೀಸೆಲ್ ಖಾಲಿಯಾಗಿದೆ ಅಷ್ಟೇ!"

ಆದರೂ ಭಾವನ ಮುಖ ಸಡಿಲವಾಗುವುದಿಲ್ಲ. ಕಾರಿನವರಿಗೆ ಮೊದಲು ನೀರು ಕುಡಿಸುತ್ತಾರೆ, ಬಾಳೆಹಣ್ಣು ಕೊಡುತ್ತಾರೆ, ಮರದ ನೆರಳಲ್ಲಿ ಕೂರಿಸುತ್ತಾರೆ. ಹಗ್ಗ ಬಿಗಿಯುವುದು ಅದಾದ ಮೇಲೆ. ಕಾರನ್ನು ಗ್ಯಾರೇಜಿನಲ್ಲಿ ಇಳಿಸಿದ ನಂತರ ಒಂದು ಮಾತೂ ಆಡದೆ ಹೊರಟುಬಿಡುತ್ತಾರೆ. ಸೂತಕದ ಮನೆಯಿಂದ ಹೊರಡುವಾಗ 'ಹೋಗಿ ಬರ್ತೀವಿ' ಎನ್ನಬಾರದಲ್ಲ? ಅಂಥ ಮನೆಗೆ ಮತ್ತೆ ಬರುವ ಪ್ರಸಂಗವೇ ಬೇಡವೆಂದು ನಮ್ಮ ಕಡೆ ಹೇಳದೆ ಎದ್ದು ಹೋಗುತ್ತೇವಲ್ಲ? ಅದನ್ನು ಭಾವ ಕಾರುಗಳಿಗೂ ಅನ್ವಯಿಸಿದ್ದಾರೆ. ಇದು ತಿಳಿಯದ ಮೈಸೂರಿನ ಒಬ್ಬರು ಮಾರನೆಯ ದಿನ ಮನೆಗೆ ಫೋನ್ ಮಾಡಿದ್ದರು. ಎತ್ತಿಕೊಂಡವಳು ಅಕ್ಕ.

"ನಿಮ್ಮ ಯಜಮಾನ್ರಿಗೆ ನನ್ನ ಮೇಲೆ ಏನಾದ್ರೂ ಬೇಜಾರಾ ಅಮ್ಮ? ಅಷ್ಟು ಉಪಚಾರ ಮಾಡಿದ್ರು, ಕೊನೆಗೆ ಮುಖ ಕೂಡ ನೋಡದೆ ಹೋದ್ರು."

"ಬೇಜಾರಲ್ಲ ಸಾರ್, ಪ್ರೀತಿ" ಎಂದಳು ಅಕ್ಕ. "ನಿಮ್ಮನ್ನ ಇನ್ನೊಂದು ಸಲ ನೋಡೋಕೆ ಅವರಿಗೆ ಇಷ್ಟ ಇಲ್ಲ!"

ಅಕ್ಕ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಅವಳ ಸುಸ್ತಿಗೆ ಸದ್ದಿಲ್ಲ. ಅವಳು ಗಂಡನ ಮೇಲೆ ಕೂಗಾಡಿದ್ದನ್ನು ನಾನು ಕಂಡಿಲ್ಲ. ಭಾವ ಊಟದ ನಡುವೆ ಎದ್ದು ಹೋದಾಗಲೆಲ್ಲ ತಟ್ಟೆಗೆ ಮುಚ್ಚಳ ಹಾಕುತ್ತಾಳೆ, ಸಾರನ್ನು ಒಲೆಯ ಪಕ್ಕ ಇಡುತ್ತಾಳೆ, ತಾನೂ ಬಡಿಸಿಕೊಳ್ಳದೆ ಕಿಟಕಿಯ ಹತ್ತಿರ ಕೂರುತ್ತಾಳೆ. ಭಾವ ಬಂದ ಮೇಲೆ ಸಾರು ಕುದಿಸುತ್ತಾಳೆ. ಕುದಿಸಿ ಕುದಿಸಿ ಆ ಮನೆಯ ಸಾರಿಗೆ ಗೊಜ್ಜಿನ ಹದ ಬಂದಿರುತ್ತದೆ. ಆ ಮನೆಯಲ್ಲಿ ತಿಳಿಸಾರು ಕಂಡ ನೆನಪು ನನಗಿಲ್ಲ.

ಒಂದು ದಿನ ನನ್ನೆದುರಿಗೇ ಮಾತು ತೆಗೆದಳು. "ಗಾಡಿ ಮಾರಿಬಿಡಿ. ನಾನು ಜಗಳ ಆಡ್ತಿಲ್ಲ, ಕೇಳ್ತಿದ್ದೀನಿ. ನನ್ನ ಕೆಲಸ ಮುಗೀತು, ನಿಮಗೂ ವಯಸ್ಸಾಯ್ತು. ಇಬ್ಬರೂ ಎದುರುಬದುರು ಕೂತು, ಅರ್ಧಕ್ಕೆ ಏಳದೆ, ಊಟ ಅಂತ ಮಾಡೋದು ಯಾವಾಗ?"

ಭಾವ ತಪ್ಪಿಸಿಕೊಳ್ಳಲು ಒಂದು ದಾರಿ ಹುಡುಕಿದರು. "ನಮ್ಮೋರು ಕೆಟ್ಟು ನಿಂತ ದಿನ ಮಾರ್ತೀನಿ. ನಂಜುಂಡೇಶ್ವರನ ಆಣೆಗೂ ಮಾರ್ತೀನಿ. ಅಲ್ಲೀವರೆಗೂ ಆ ಮಾತು ಬೇಡ."

"ಇವನು ಸಾಕ್ಷಿ" ಎಂದು ಅಕ್ಕ ನನ್ನತ್ತ ಕೈ ತೋರಿಸಿದಳು. ಪತ್ರಿಕೆಯವರನ್ನು ಜನ ಯಾವುದಕ್ಕೆಲ್ಲ ಬಳಸಿಕೊಳ್ಳುತ್ತಾರೆ ನೋಡಿ!

ಆಣೆ ಇಡುವಾಗ ಭಾವನಿಗೆ ತುಂಬ ಧೈರ್ಯವಿತ್ತು. ಆ ಗಾಡಿ ಅದುವರೆಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ. ದೇವರು ಅದನ್ನು ಕೇಳಿಸಿಕೊಂಡಿರಬೇಕು. ಸ್ವಲ್ಪ ದಿನಗಳಲ್ಲೇ ಲಾರಿಯ ಪಿಕಪ್ ಹೋಯಿತು.

ಪಿಕಪ್ ಹೋಗುವುದೆಂದರೆ, ಆಕ್ಸಿಲರೇಟರ್ ಎಷ್ಟು ಅದುಮಿದರೂ ಗಾಡಿ 'ನೋಡೋಣ' ಎನ್ನುವುದು. ಬರಿ ಮೈಯಲ್ಲಿ ಹೇಗೋ ಓಡುತ್ತಿತ್ತು. ಬೆನ್ನ ಮೇಲೆ ಒಂದು ಕಾರು ಬಂದಿತೋ, ಹಿಂದಿನಿಂದ ಕಪ್ಪು ಹೊಗೆ, ಒಳಗಿನಿಂದ ಒಂದು ಕೀರಲು ಸದ್ದು. ಮೊದಲು ಆ ಎಂಜಿನ್ ಏರು ಹತ್ತುವಾಗ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಆ ಸಿಳ್ಳೆ ಈಗ ಗಂಟಲು ಕಟ್ಟಿದವರು ಸೈರನ್ ಅಣಕಿಸಿದಂತಾಗಿತ್ತು.

"ಭಾವ, ಏನೋ ಕೆಟ್ಟಿದೆ" ಎಂದೆ.

"ಕೆಟ್ಟಿದೆ ಅನ್ಬೇಡ ಕಣೋ!" ಭಾವ ಸುತ್ತ ನೋಡಿ ದನಿ ತಗ್ಗಿಸಿದರು. "ವಯಸ್ಸಾದೋರು ಕೆಮ್ಮಲ್ವಾ? ಹಂಗೇ ಇದು."

ಆ ವಾರ ಬದನವಾಳಿನ ಕಡೆಯಿಂದ ಒಂದು ಸಣ್ಣ ಕಾರನ್ನು ಹೊತ್ತು ತರುವಾಗ ನಾನೂ ಇದ್ದೆ. ರಸ್ತೆಯ ಒಂದು ಚಿಕ್ಕ ಏರು. ಮೊದಲು ಕಬ್ಬಿನ ಟ್ರಾಕ್ಟರ್ ನಮ್ಮನ್ನು ಹಿಂದೆ ಹಾಕಿತು. ಆಮೇಲೆ ಹುಲ್ಲಿನ ಹೊರೆ ಕಟ್ಟಿದ ಮೊಪೆಡ್. ಆಮೇಲೆ ಆ ಹುಲ್ಲನ್ನು ನೋಡಿ ಹಿಂಬಾಲಿಸಿದ್ದ ಒಂದು ಹಸು. ನಮ್ಮ ಜೊತೆ ಮುಂದೆ ಕೂತಿದ್ದ ಕಾರಿನ ಯಜಮಾನ ಸಭ್ಯ ಮನುಷ್ಯ. ಹಸುವಿನವರೆಗೂ ಸಹಿಸಿಕೊಂಡಿದ್ದ.

"ಸಾರ್, ತಪ್ಪು ತಿಳೀಬೇಡಿ. ನನ್ನ ಕಾರು ಕೆಳಗಿಳಿಸಿಬಿಡಿ. ತಳ್ಕೊಂಡು ಹೋದ್ರೆ ಬೇಗ ಆಗುತ್ತೆ!"

ಸುದ್ದಿಮನೆಯಲ್ಲಿ ಒಂದು ನಿಯಮವಿದೆ. ಒಬ್ಬರ ಮಾತು ಕೇಳಿ ಏನನ್ನೂ ಅಚ್ಚು ಮಾಡಬಾರದು, ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳಬೇಕು. ಅದನ್ನೇ ಎಂಜಿನ್ನಿಗೂ ಅನ್ವಯಿಸಿದೆ. ಪೆಟ್ರೋಲ್ ಬಂಕಿನವನು ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿದೆ ಎಂದ. ಖಚಿತಪಡಿಸಿಕೊಳ್ಳಲು ನಿವೃತ್ತ ಬಸ್ ಚಾಲಕರೊಬ್ಬರನ್ನು ಕೇಳಿದೆ. ಅವರು ಫಿಲ್ಟರ್ ಅಲ್ಲವೇ ಅಲ್ಲ, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಎಂದರು. ಇಬ್ಬರಲ್ಲಿ ಯಾರು ಸರಿಯೆಂದು ತಿಳಿಯಲು ಮೂರನೆಯವರ ಬಳಿ ಹೋದರೆ ಅವರು ಕಣ್ಣುದೃಷ್ಟಿ ಎಂದರು. ಭಾವ ಮೂವರನ್ನೂ ನಂಬಿದರು! ಫಿಲ್ಟರ್ ಬದಲಾಯಿತು, ನಾಜಲ್ ಬಿಚ್ಚಿ ತೊಳೆದದ್ದಾಯಿತು, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ತೂಗಿತು. ಹೊಗೆ ಮಾತ್ರ ಎಲ್ಲ ಚಿಕಿತ್ಸೆಗಳನ್ನೂ ಸಮಾನವಾಗಿ ತಿರಸ್ಕರಿಸಿತು. ಈಗ ಎಂಜಿನ್ ಆಯಿಲ್ ಕೂಡ ಕುಡಿಯತೊಡಗಿತ್ತು. ಬೆಳಿಗ್ಗೆ ಚಾಲೂ ಮಾಡಿದರೆ ನೀಲಿ ಹೊಗೆ, ಹೊತ್ತೇರಿದ ಮೇಲೆ ಕಪ್ಪು ಹೊಗೆ.

ಅಕ್ಕನಿಗೆ ಹೇಳಿದ್ದು 'ಸರ್ವಿಸಿಂಗ್' ಎಂಬ ಒಂದೇ ಪದ. ಅಕ್ಕ ಕಿಟಕಿಯಿಂದ ಹೊಗೆ ನೋಡಿ, "ಯಾವ ಬಣ್ಣದ ಸರ್ವಿಸಿಂಗು?" ಎಂದಷ್ಟೇ ಕೇಳಿದ್ದಳು.

ಕೊನೆಗೆ ಭಾವ ಟಿ. ನರಸೀಪುರದಲ್ಲಿರುವ ಒಬ್ಬ ಲಾರಿ ಮೆಕ್ಯಾನಿಕ್ಕಿನ ಹತ್ತಿರ ಹೋಗುವುದೆಂದು ತೀರ್ಮಾನಿಸಿದರು. ನಂಜನಗೂಡಿನಲ್ಲೇ ತೋರಿಸಬಾರದೇ? ಬಾರದು! ಇಲ್ಲಿಯ ಯಾವ ಗ್ಯಾರೇಜಿನಲ್ಲಿ ಬಿಚ್ಚಿದರೂ ನಟ್ಟು ನೆಲಕ್ಕೆ ಬೀಳುವ ಮೊದಲೇ ಸುದ್ದಿ ಅಕ್ಕನಿಗೆ ಮುಟ್ಟುತ್ತದೆ. ಸುದ್ದಿ ಮುಟ್ಟಿದರೆ ಆಣೆ ಇದೆ. ಆಣೆ ಇದ್ದರೆ ಮಾರಾಟ.

"ನೀನೂ ಬಾ" ಎಂದರು.

"ಭಾವ, ಇವತ್ತು ನನ್ನ ರಜೆ."

"ಅದಕ್ಕೇ ಕರೆದದ್ದು. ಕೆಲಸ ಇದ್ದಿದ್ರೆ ಕರೀತಿದ್ನಾ?"

ದಾರಿಯುದ್ದಕ್ಕೂ ಗದ್ದೆಗಳಲ್ಲಿ ಕೆಲಸ ಮಾಡುತ್ತಿದ್ದವರು ನಮ್ಮ ಹೊಗೆ ನೋಡಿ ನಡು ನೆಟ್ಟಗೆ ಮಾಡಿಕೊಂಡರು. ಚಿಕ್ಕಯ್ಯನಛತ್ರದ ಕಡೆಗೆ ಹೋಗುವ ಬಸ್ಸಿನವನೊಬ್ಬ ಪಕ್ಕಕ್ಕೆ ಬಂದು, ನಮ್ಮನ್ನೇ ಎಳೆದುಕೊಂಡು ಹೋಗಬೇಕೇ ಎಂದು ಕೈಸನ್ನೆಯಲ್ಲಿ ಕೇಳಿದ. ಎಳೆಯುವ ಗಾಡಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ! ಭಾವ ನೇರ ರಸ್ತೆಯನ್ನೇ ನೋಡುತ್ತಿದ್ದರು. ನರಸೀಪುರ ಬರುವ ಹೊತ್ತಿಗೆ ನನಗೆ ಇಡೀ ದಿನ ಪತ್ರಿಕೆಯ ಪುಟ ಕಟ್ಟಿದಷ್ಟು ದಣಿವಾಗಿತ್ತು.

ಮೆಕ್ಯಾನಿಕ್ಕು ದಪ್ಪ ಮೀಸೆಯ, ಅದಕ್ಕಿಂತ ದಪ್ಪ ಆತ್ಮವಿಶ್ವಾಸದ ಆಸಾಮಿ. ಗಾಡಿ ಗೇಟು ದಾಟುವ ಮುನ್ನವೇ ಕೂಗಿದ: "ಕ್ಲಚ್ಚು! ಕ್ಲಚ್ ಪ್ಲೇಟ್ ಓಗದೆ ಬುದ್ದಿ. ನಂಗೆ ಸದ್ದಲ್ಲೇ ಗೊತ್ತಾಯ್ತದೆ."

ಕ್ಲಚ್ಚು ಸರಿಯಾಗಿತ್ತು.

"ಅಂಗಾರೆ ಪಂಪು. ನಾನ್ ಒಳಗೊಳಗೆ ಪಂಪೇ ಅಂದ್ಕಂಡಿದ್ದೆ."

ಪಂಪೂ ಸರಿಯಾಗಿತ್ತು. ಆಮೇಲೆ ಅವನು ಕ್ಯಾಬಿನ್ನನ್ನು ಮುಂದಕ್ಕೆ ಬಾಗಿಸಿ, ಎಂಜಿನ್ನಿಗೆ ಗಾಳಿ ಹೋಗುವ ದಪ್ಪ ರಬ್ಬರ್ ಪೈಪಿನ ಕ್ಲಿಪ್ ಸಡಿಲಿಸಿ ಎಳೆದ. ಪೈಪಿನ ಬಾಯಿಂದ ಆಯಿಲ್ ತೊಟ್ಟಿಕ್ಕಿತು. ಗಾಳಿ ಮಾತ್ರ ಇರಬೇಕಾದ ಜಾಗದಲ್ಲಿ ಆಯಿಲ್! ಅದರಾಚೆ ಬಸವನಹುಳುವಿನ ಚಿಪ್ಪಿನಂಥ ಒಂದು ಉಬ್ಬು, ಒಳಗೆ ಅಂಗೈಯಲ್ಲಿ ಹಿಡಿಸುವ ಒಂದು ಫ್ಯಾನು. ಅವನು ಫ್ಯಾನಿನ ನಡುವಿನ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದ. ಅದು ಹಾಲುಹಲ್ಲಿನಂತೆ ಅತ್ತಿತ್ತ ಅಲ್ಲಾಡಿತು. ಫ್ಯಾನಿನ ಅಲಗುಗಳ ತುದಿ ಗೋಡೆಗೆ ಉಜ್ಜಿ ಸವೆದುಹೋಗಿತ್ತು.

 ಮೆಕ್ಯಾನಿಕ್ಕು ನನ್ನ ಕಡೆ ತಿರುಗಿದ. "ನಾನ್ ಆಗ್ಲೇ ಯೋಳ್ಲಿಲ್ವಾ ಸಾ, ಟರ್ಬೋ ಅಂತ!"

ಟರ್ಬೋ ಎಂದರೇನೆಂದು ಭಾವ ಕೇಳಿದರು. ಅವರಿಗೆ ಹೆಸರು ಗೊತ್ತು, ಕೆಲಸ ಗೊತ್ತಿರಲಿಲ್ಲ. ಮೆಕ್ಯಾನಿಕ್ಕು ಬಿಡಿಸಿ ಹೇಳಿದ. ಎಂಜಿನ್ ಬಿಡುವ ಹೊಗೆ ಹೋಗುವ ರಭಸದಲ್ಲೇ ಒಂದು ಫ್ಯಾನನ್ನು ತಿರುಗಿಸುತ್ತದೆ. ಅದೇ ಕಡ್ಡಿಯ ಇನ್ನೊಂದು ತುದಿಯ ಫ್ಯಾನು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಿದ್ದರೆ ಡೀಸೆಲ್ ಚೆನ್ನಾಗಿ ಉರಿದು ಎಳೆತ ಬರುತ್ತದೆ. ಗಾಳಿ ಸಾಲದಿದ್ದರೆ ಕಪ್ಪು ಹೊಗೆ. ಅದೇ ಪಿಕಪ್ಪಿನ ಗುಟ್ಟು.

"ಆಯ್ತು, ಇದ್ಯಾಕೆ ಓಯ್ತು?" ಮೆಕ್ಯಾನಿಕ್ಕು ಈಗ ಪೊಲೀಸಿನವನಂತೆ ಸೊಂಟಕ್ಕೆ ಕೈಕೊಟ್ಟು ನಿಂತ. "ಆಯಿಲ್ ಚೇಂಜ್ ಮಾಡಿಸ್ತಿದ್ರಾ?"

"ತಪ್ಪದೆ."

"ಏರ್ ಫಿಲ್ಟರು?"

"ಅದೂ ತಪ್ಪದೆ."

"ಓಡ್ಸಿ ಬಂದೇಟ್ಗೆ ಆಫ್ ಮಾಡ್ಬುಡ್ತಿದ್ರಾ?"

ಭಾವ ಲಾರಿಯ ಚಕ್ರವನ್ನು ನೋಡತೊಡಗಿದರು. ಹೇಳಬೇಕಾದ್ದನ್ನು ನಾನೇ ಹೇಳಿದೆ, ಇದ್ದದ್ದನ್ನು ಇದ್ದ ಹಾಗೆ: ದಬಾಯಿಸಿಕೊಂಡು ಬರುವುದು, ದೂರದಿಂದಲೇ ಕೀಲಿ ತಿರುಗಿಸುವುದು, ಸದ್ದಿಲ್ಲದೆ ಉರುಳಿಕೊಂಡು ಹೋಗುವುದು. ಮೆಕ್ಯಾನಿಕ್ಕಿನ ಮೀಸೆ ಎರಡೂ ಕಡೆ ಇಳಿಯಿತು.

"ಬುದ್ದೀ! ಗಾಡಿ ದೌಡಾಯಿಸ್ಕಂಡ್ ಬಂದಾಗ ಈ ಟರ್ಬೋ ಕೆಂಡ ಆಗಿರ್ತದೆ. ಇದನ್ನ ತಣ್ಣಗ್ ಮಾಡದೇ ಆಯಿಲ್ಲು. ಎಂಜಿನ್ ಆಫ್ ಆದ್ರೆ ಆಯಿಲ್ ಓಗಲ್ಲ. ಫ್ಯಾನ್ ಮಾತ್ರ ತಿರುಗ್ತಾನೇ ಇರ್ತದೆ, ಒಳಗಿರೋ ಆಯಿಲ್ಲೂ ಸುಟ್ಟು ಕರಿ ಆಯ್ತದೆ. ಒಂದು ಬೀಡಿ ಸೇದೋ ಒತ್ತು ಸುಮ್ನೆ ಓಡಕ್ ಬುಡ್ಬೇಕು. ಅಂಥಾ ಅರ್ಜೆಂಟು ಏನಿತ್ತು?"

"ಅರ್ಜೆಂಟಲ್ಲ, ಮರ್ಯಾದೆ" ಎಂದರು ಭಾವ, ತಲೆ ಎತ್ತದೆ. "ಬೀದೀಲಿ ಒಂದು ಹೆಣ ಇದ್ದಾಗ ಅಕ್ಕಪಕ್ಕದ ಮನೇಲಿ ಒಲೆ ಹಚ್ತೀವೇನಪ್ಪ? ಹೆಣ ಎತ್ತೋವರೆಗೂ ಮಕ್ಕಳು ಹಸಿದಿದ್ರೂ ಹಚ್ಚಲ್ಲ. ಪಾಪ, ಅವರ ಗಾಡಿ ಅಲ್ಲಿ ತಣ್ಣಗೆ ಮಲಗಿರುತ್ತೆ. ಅದರ ಮುಂದೆ ಹೋಗಿ ನಂದು ಗುರುಗುರು ಅಂತ ಜೀವಂತವಾಗಿ ನಿಂತ್ಕೊಂಡ್ರೆ ಅವರಿಗೆ ಹೆಂಗಾಗಬೇಡ?"

 ಮೆಕ್ಯಾನಿಕ್ಕೂ ಅದೇ ಸೀಮೆಯವನು. ಆ ಪದ್ಧತಿಯನ್ನು ಅಲ್ಲಗಳೆಯುವುದು ಹೇಗೆ? ಒಮ್ಮೆ ಟರ್ಬೋವನ್ನು ನೋಡಿದ. ಆಮೇಲೆ ಹೋಗಿ ಗ್ಯಾರೇಜಿನಲ್ಲಿ ಜೋರಾಗಿ ಹಾಡುತ್ತಿದ್ದ ರೇಡಿಯೊ ಆರಿಸಿ ಬಂದ!

ಇಷ್ಟರಲ್ಲಿ ಗೇಟಿನ ಹೊರಗೆ ಒಂದು ಆಟೊ ನಿಂತಿತು. ಇಳಿದವಳು ಅಕ್ಕ.

ಕೈಸನ್ನೆ ಮಾಡಿದ್ದ ಬಸ್ಸಿನವನು ಅಕ್ಕನ ಹಳೆಯ ವಿದ್ಯಾರ್ಥಿಯಂತೆ. ಮುಂದಿನ ನಿಲ್ದಾಣದಲ್ಲೇ ಫೋನ್ ಮಾಡಿ 'ಮಿಸ್, ಸಾರ್ ಗಾಡಿ ಬೆಂಕಿ ಬಿದ್ದಂಗೆ ನರಸೀಪುರದ ಕಡೆ ಹೋಗ್ತಿದೆ' ಎಂದು ವರದಿ ಒಪ್ಪಿಸಿದ್ದಾನೆ. ನಮ್ಮ ಪತ್ರಿಕೆಗೆ ಇಂಥ ಬಾತ್ಮೀದಾರರು ಸಿಗುವುದಿಲ್ಲ. ಅಕ್ಕ ಬಸ್ಸು ಹಿಡಿದು, ಆಟೊ ಹಿಡಿದು, ಊರಿನ ಲಾರಿ ಗ್ಯಾರೇಜುಗಳನ್ನೆಲ್ಲ ಕೇಳಿಕೊಂಡು ಬಂದಿದ್ದಳು. ಕ್ಯಾಬಿನ್ ಮುಂದಕ್ಕೆ ಬಾಗಿ ನೆಲಕ್ಕೆ ನಮಸ್ಕಾರ ಮಾಡುತ್ತಿರುವಂತಿದ್ದ ಲಾರಿಯನ್ನು ನೋಡಿದಳು.

"ಕೆಟ್ಟಿದೆ" ಎಂದಳು.

"ಕೆಟ್ಟಿಲ್ಲ" ಎಂದರು ಭಾವ. "ತನ್ನ ಕಾಲ ಮೇಲೆ ತಾನೇ ನಡ್ಕೊಂಡು ಬಂದಿದೆ. ಕೆಟ್ಟು ನಿಂತ್ರೆ ಮಾರ್ತೀನಿ ಅಂದಿದ್ದೆ. ಇದು ನಿಂತಿಲ್ಲ."

"ಮತ್ತೆ ಇದ್ಯಾಕೆ ಹೊಟ್ಟೆ ಬಿಚ್ಕೊಂಡಿದೆ?"

"ಅದು ಟರ್ಬೋ. ಗಾಡಿ ಅಲ್ಲ."

ಅಕ್ಕ ನನ್ನತ್ತ ತಿರುಗಿದಳು. "ನೀನು ಸಾಕ್ಷಿ ಇದ್ದೋನು. ಹೇಳು."

ನಾನು ವೃತ್ತಿಧರ್ಮ ಬಿಡಲಿಲ್ಲ. "ಗಾಡಿ ಕೆಟ್ಟಿದೆ ಎಂದು ಒಂದು ಕಡೆಯವರೂ ಇಲ್ಲವೆಂದು ಇನ್ನೊಂದು ಕಡೆಯವರೂ ಹೇಳುತ್ತಾರೆ" ಎಂದೆ. ಗಂಡ ಹೆಂಡತಿ ಇಬ್ಬರೂ ನನ್ನನ್ನು ನೋಡಿದ ನೋಟದಲ್ಲಿ ಆ ದಿನ ಮೊದಲ ಬಾರಿಗೆ ಒಮ್ಮತ ಕಂಡಿತು!

ಟರ್ಬೋ ಹೇಗೆ ಸುಟ್ಟಿತೆಂದು ಮೆಕ್ಯಾನಿಕ್ಕು ಅಕ್ಕನಿಗೆ ಮೊದಲಿನಿಂದ ಹೇಳಿದ. ಅವಳು ಗಣಿತದವಳು. ಎರಡು ಪ್ರಶ್ನೆ ಕೇಳಿ ವಿಷಯ ಮುಗಿಸಿದಳು. ಹೊಸ ಟರ್ಬೋ ಹಾಕಿದರೆ ಗಾಡಿ ಮೊದಲಿನಂತಾಗುತ್ತದೆಯೇ? ಆಗುತ್ತದೆ. ಇವರು ಮತ್ತೆ ಹೀಗೇ ಮಾಡಿದರೆ ಅದೂ ಸುಡುತ್ತದೆಯೇ? ಸುಡುತ್ತದೆ. ಅಲ್ಲಿಗೆ ತೀರ್ಪು ಬಂತು.

"ಹೊಸದು ಹಾಕಪ್ಪ. ಇವತ್ತು ನಾನೂ ಗಾಡೀಲೇ ವಾಪಸ್ಸು ಬರ್ತೀನಿ. ಮುಂದಿನ ಯಾವ ಕಾರು ಕೆಟ್ಟರೂ ಜೊತೇಲಿ ಹೋಗ್ತೀನಿ. ಎಂಜಿನ್ ಓಡ್ತಾ ಇರೋ ಹಾಗೆ ಇವರು ಅಲ್ಲಿ ನಿಲ್ಲೋದಾದ್ರೆ ಗಾಡಿ ಇರ್ಲಿ. ಮೊದಲಿನ ಹಾಗೆ ದೂರದಿಂದಲೇ ಆರಿಸಿದ್ರೋ, ಅವತ್ತೇ ಮಾರಾಟ. ಒಪ್ಪಿಗೆನಾ?"

ಭಾವ ಒಪ್ಪಿದರು. ಬೇರೆ ದಾರಿಯೇನಿತ್ತು? ಆದರೆ ಅವರ ಮುಖ ನೋಡಿದರೆ ನನಗೆ ಪಾಪ ಅನಿಸಿತು. ಬಾಳಿನುದ್ದಕ್ಕೂ ಪಾಲಿಸಿದ ಒಂದು ಮರ್ಯಾದೆಯನ್ನು ಒಂದು ಬಸವನಹುಳುವಿಗಾಗಿ ಬಿಟ್ಟುಕೊಡಬೇಕಾಗಿತ್ತು.

ಪೇಟೆಯಿಂದ ಹೊಸ ಟರ್ಬೋ ಬರುವವರೆಗೆ ಮೆಕ್ಯಾನಿಕ್ಕು ಹಳೆಯ ಆಯಿಲ್ ಇಳಿಸಿ, ಪೈಪುಗಳನ್ನೆಲ್ಲ ತೊಳೆದ. ಟರ್ಬೋಗೆ ಆಯಿಲ್ ಕೊಡುವ ಸಣ್ಣ ನಳಿಕೆಯಲ್ಲಿ ತಂತಿ ಹಾಕಿ ಎಳೆದರೆ ಕಾಡಿಗೆಯಂಥ ಕರಿ ಬಂತು. "ನೋಡಿ ಬುದ್ದಿ, ನಿಮ್ಮ ಮರ್ಯಾದೆ" ಎಂದು ಅದನ್ನು ಭಾವನಿಗೆ ತೋರಿಸಿದ. ಹೊಸದು ಬಂದ ಮೇಲೆ ಕೂರಿಸಿ, ಬೋಲ್ಟ್ ಬಿಗಿದು, ಅದರ ಬಾಯಿಗೆ ಮಗುವಿಗೆ ಎಣ್ಣೆ ಕುಡಿಸುವಂತೆ ಸ್ವಲ್ಪ ಆಯಿಲ್ ಹೊಯ್ದ. ಎಂಜಿನ್ ಹತ್ತಿಕೊಳ್ಳದಂತೆ ಡೀಸೆಲ್ ಕಟ್ಟಿ, ಕೆಲವು ಸಲ ಬರಿದೇ ತಿರುಗಿಸಿದ. ಆಯಿಲ್ ಮೇಲಕ್ಕೆ ಏರಿದ ಮೇಲೆಯೇ ಚಾಲೂ ಮಾಡಲು ಬಿಟ್ಟದ್ದು. ಹೊಗೆ ಬಂತು, ತೆಳುವಾಯಿತು, ನಿಂತಿತು. ಭಾವ ಮೆಲ್ಲನೆ ಆಕ್ಸಿಲರೇಟರ್ ಒತ್ತಿದರು. ಒಳಗಿನಿಂದ ಹಳೆಯ ಸಿಳ್ಳೆ ಎದ್ದಿತು.

ಅಕ್ಕನನ್ನು ನಾನು ಕೈಹಿಡಿದು ಕ್ಯಾಬಿನ್ನಿಗೆ ಹತ್ತಿಸಿದೆ. ಅವಳು ಬಾಗಿಲ ಪಕ್ಕ, ನಾನು ನಡುವೆ. ಎರಡು ಪಕ್ಷಗಳ ನಡುವೆ ಕೂರುವುದು ನನಗೆ ಕಸುಬಿನಿಂದಲೇ ಬಂದ ಅಭ್ಯಾಸ.

ನಂಜನಗೂಡಿಗೆ ಅರ್ಧ ದಾರಿ ಬಂದಿರಬಹುದು, ಭಾವನ ಫೋನ್ ರಿಂಗಾಯಿತು. ಅದೇ ರಸ್ತೆಯಲ್ಲಿ ಮುಂದೆ ಒಂದು ಕಾರು ನಿಂತಿದೆ, ಹೆಂಗಸರು ಮಕ್ಕಳು ಇದ್ದಾರೆ, ಬೇಗ ಬನ್ನಿ. ಇಷ್ಟು ಬೇಗ ಪರೀಕ್ಷೆ ಬರುತ್ತದೆಂದು ಯಾರು ಎಣಿಸಿದ್ದರು! ಲಾರಿ ಹೊಸ ಉಸಿರಿನಲ್ಲಿ ಓಡಿತು. ತಿರುವು ದಾಟಿದ ಮೇಲೆ ದೂರದಲ್ಲಿ ಬಿಳಿ ಕಾರು ಕಂಡಿತು. ಪಕ್ಕದಲ್ಲಿ ನಿಂತಿದ್ದವರು ಕೈ ಬೀಸಿದರು. ಭಾವನ ಕೈ ತಾನೇ ತಾನಾಗಿ ಕೀಲಿಯ ಮೇಲೆ ಹೋಯಿತು.

ಅಕ್ಕ ಆ ಕೈಯನ್ನು ನೋಡಿದಳು.

ಕೈ ಕೀಲಿಯಿಂದ ಹಿಂದೆ ಬಂತು. ಆದರೆ ಕಾಲು ಬ್ರೇಕಿನ ಮೇಲೆ ಬಿತ್ತು. ಲಾರಿ ನಿಂತಿತು. ಕಾರು ಇನ್ನೂ ಒಂದು ಹೊಲದಷ್ಟು ಆಚೆಯಿತ್ತು. ಎಂಜಿನ್ ಗುರುಗುಡುತ್ತಿತ್ತು. ಆರಿಸಿದರೆ ಗಾಡಿ ಹೋಗುತ್ತದೆ, ಆರಿಸದೆ ಹತ್ತಿರ ಹೋದರೆ ಮಾನ ಹೋಗುತ್ತದೆ. ಭಾವ ಸ್ಟಿಯರಿಂಗ್ ಹಿಡಿದು ಕೂತೇಬಿಟ್ಟರು.

"ನಂಗಾಗಲ್ಲ ಕಣೇ" ಎಂದರು ಕೊನೆಗೆ. "ಅವರ ಮುಖ ನೋಡಿ ಇದನ್ನ ಓಡಿಸ್ಕೊಂಡು ನಿಲ್ಲೋಕೆ ನಂಗಾಗಲ್ಲ. ನೀನು ಬೇಕಾದ್ರೆ ಮಾರ್ಕೋ."

 ಅಕ್ಕ ಬಾಗಿಲು ತೆಗೆದಳು.

"ನೀವು ಇಲ್ಲೇ ಇರಿ. ಇದರ ಕಾವು ಇಳೀಲಿ. ಅಲ್ಲೀವರೆಗೂ ಅವರ ಜೊತೆ ನಾನಿರ್ತೀನಿ. ನೀರಿನ ಬಾಟ್ಲಿ ಎಲ್ಲಿ?"

ಬಾಟ್ಲಿ, ಬಾಳೆಹಣ್ಣಿನ ಚಿಪ್ಪು ತೆಗೆದುಕೊಂಡು, ಕಂಬಿ ಹಿಡಿದು ನಿಧಾನವಾಗಿ ಇಳಿದು, ರಸ್ತೆಯಂಚಿನಲ್ಲಿ ನಡೆಯುತ್ತಾ ಹೋದಳು. ಭಾವ ನೋಡುತ್ತಿದ್ದರು. ಮೊದಲು ಕಾರಿನವರನ್ನು ನೋಡುತ್ತಿದ್ದಾರೆಂದು ನಾನಂದುಕೊಂಡೆ.

"ಲೇ, ನಿಮ್ಮಕ್ಕ ಎಡಗಾಲು ಎಳೀತಾಳಲ್ಲೋ."

"ಹೂಂ ಭಾವ."

"ಯಾವಾಗಿಂದ?"

"ತುಂಬ ದಿನದಿಂದ. ಮಂಡಿ ನೋವು."

"ನಂಗ್ಯಾಕೆ ಗೊತ್ತಾಗ್ಲಿಲ್ಲ?"

 ಅವರು ನನ್ನನ್ನೇ ನೋಡುತ್ತಿದ್ದರು, ಉತ್ತರ ಬೇಕಿತ್ತು ಅವರಿಗೆ.

"ನೀವು ಯಾವಾಗಲೂ ಮುಂದೆ ನಡೀತೀರಿ. ಅವಳು ನಿಮ್ಮ ಹಿಂದೆ ಬರ್ತಾಳೆ."

ಭಾವ ಮತ್ತೆ ರಸ್ತೆ ನೋಡಿದರು. ಅಕ್ಕ ಒಂದು ಕಡೆ ನಿಂತು, ಬಾಟ್ಲಿಯನ್ನು ಕೈ ಬದಲಾಯಿಸಿ, ಸೊಂಟದ ಮೇಲೆ ಕೈಯಿಟ್ಟು ಉಸಿರು ತೆಗೆದುಕೊಂಡು ಮತ್ತೆ ನಡೆದಳು. ಭಾವ ಗೇರು ಹಾಕಿದರು.

ಲಾರಿ ನಡೆಯುವವರ ವೇಗದಲ್ಲಿ ಹೋಗಿ ಅಕ್ಕನ ಪಕ್ಕಕ್ಕೆ ಬಂತು. ಕಾರಿನವರು ಈಗ ಕೂಗಿದರೆ ಕೇಳುವಷ್ಟು ಹತ್ತಿರ. ಅಕ್ಕ ಗಾಬರಿಯಿಂದ ತಿರುಗಿ ನೋಡಿದಳು.

"ಯಾಕ್ರೀ ಬಂದ್ರಿ? ಎಂಜಿನ್ ಓಡ್ತಿದೆ! ಅವರು ನೋಡ್ತಿದ್ದಾರೆ!"

"ನೋಡ್ಲಿ ಬಿಡು."

ಭಾವ ಹ್ಯಾಂಡ್‌ಬ್ರೇಕ್ ಎಳೆದು ಕೆಳಗಿಳಿದರು. ಕಾರಿನ ಕಡೆ ಹೋಗಲಿಲ್ಲ. ಲಾರಿಯ ಮುಂದಿನಿಂದ ಸುತ್ತಿಕೊಂಡು ಅಕ್ಕನ ಹತ್ತಿರ ಬಂದು, ಅವಳ ಕೈಯಿಂದ ಬಾಟ್ಲಿ ತೆಗೆದುಕೊಂಡು ಕ್ಯಾಬಿನ್ನಿನಲ್ಲಿದ್ದ ನನಗೆ ಕೊಟ್ಟರು. ಆಮೇಲೆ ಬಾಗಿ, ಎತ್ತರದ ಮೆಟ್ಟಿಲ ಮೇಲೆ ಅವಳ ಕಾಲು ಎತ್ತಿಡಲು ಎರಡೂ ಕೈ ಒಡ್ಡಿದರು.

"ನೋವಿರೋ ಕಾಲು ಮೊದಲು ಇಡಬೇಡ. ಒಳ್ಳೇ ಕಾಲು ಇಡು" ಎಂದರು.

ಅಕ್ಕ ಅವರ ಹೆಗಲು ಹಿಡಿದುಕೊಂಡಳು. ಕಾರಿನವರು ಸುಮ್ಮನೆ ಕಾಯುತ್ತಾ ನಿಂತರು. ಎಂಜಿನ್ ಓಡುತ್ತಲೇ ಇತ್ತು.